ಗಟ್ಟಿ ಗಿಡ

ಕನ್ನಡದಲ್ಲಿ 'ಗಟ್ಟಿ' ಎಂಬ ಮಾತಿಗೆ ಇರುವಷ್ಟು ಮರ್ಯಾದೆ ಬೇರೆ ಕೆಲವೇ ಮಾತುಗಳಿಗೆ ಇದ್ದೀತು. ಮೊಸರು ಗಟ್ಟಿಯಾಗಿದ್ದರೆ ಮನೆಯೊಡತಿಗೆ ಹೆಮ್ಮೆ, ಗೋಡೆ ಗಟ್ಟಿಯಾಗಿದ್ದರೆ ಯಜಮಾನನಿಗೆ ನೆಮ್ಮದಿ. ಹಣವಂತನಾದರೆ ಗಟ್ಟಿ ಕುಳ, ಧೈರ್ಯವಂತೆಯಾದರೆ ಗಟ್ಟಿಗಿತ್ತಿ, ಹುಟ್ಟಿದ ವಾರಕ್ಕೇ ಜ್ವರ ಬಂದು ಬದುಕಿ ಉಳಿದ ಕೂಸಾದರೆ ಗಟ್ಟಿ ಪಿಂಡ. ಕಷ್ಟದಲ್ಲಿರುವವರನ್ನು ನೋಡಲು ಹೋದಾಗ ಬೇರೇನೂ ತೋಚದಿದ್ದರೆ 'ಮನಸ್ಸು ಗಟ್ಟಿ ಮಾಡಿಕೊ' ಎಂದು ಹೇಳಿ ಎದ್ದು ಬರುತ್ತೇವೆ. ಇಷ್ಟು ಒಳ್ಳೆಯ ಮಾತಿನೊಳಗೆ ಏನಾದರೂ ಐಬು ಇದ್ದೀತೆಂದು ಸುಲಭಕ್ಕೆ ಯಾರಿಗೂ ಅನ್ನಿಸುವುದಿಲ್ಲ. ನನಗೆ ಆ ಅನುಮಾನ ಬಂದದ್ದು ಜರೀಗಿಡಗಳನ್ನು ಬೆಳೆಸಲು ಹೊರಟ ಮೇಲೆ.

ಜರೀಗಿಡವೆಂದರೆ ಫರ್ನ್. ಮಲೆನಾಡಿನಲ್ಲಿ ಹುಟ್ಟಿದವರಿಗೆ ಅದನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿ ಮಳೆ ಹಿಡಿದು ಹದಿನೈದು ದಿನವಾಗುವಷ್ಟರಲ್ಲಿ ರಸ್ತೆ ಬದಿಯ ಧರೆಯಿಂದ, ಅಡಿಕೆ ತೋಟದ ಬಸಿಗಾಲುವೆಯಿಂದ, ಹಲಸಿನ ಮರದ ಕವಲಿನಿಂದ ಚಕ್ಕುಲಿಯ ಹಾಗೆ ಸುತ್ತಿಕೊಂಡ ಕುಡಿಗಳು ಏಳುತ್ತಿದ್ದವು. ಒಂದು ಜಾತಿಯ ಎಲೆಯ ಅಡಿಯಲ್ಲಿ ಸುಣ್ಣದಂಥ ಬಿಳಿಯ ಪುಡಿ ಇರುತ್ತದೆ. ಅದನ್ನು ಮುಂಗೈಗೆ ಒತ್ತಿ ಹಚ್ಚೆ ಮೂಡಿಸಿಕೊಂಡು ನಾವು ಶಾಲೆಗೆ ಹೋಗುತ್ತಿದ್ದೆವು. ಅಷ್ಟು ನಮ್ಮದಾಗಿದ್ದ ಆ ಗಿಡದ ತವರು ಅಮೆರಿಕದ ಉಷ್ಣವಲಯವೆಂದು ಬಹಳ ವರ್ಷಗಳ ಮೇಲೆ ಓದಿ ತಿಳಿದೆ. ಕೊಡಗಿನವರು ಇನ್ನೊಂದು ಜಾತಿಯ ಎಳೆಯ ಕುಡಿಯನ್ನು ತೆರ್ಮೆ ಎಂದು ಕರೆದು ಮಳೆಗಾಲದಲ್ಲಿ ಪಲ್ಯ ಮಾಡುತ್ತಾರೆ. ಇಷ್ಟು ಬಳಕೆಯಿದ್ದರೂ ನಮ್ಮೂರಿನಲ್ಲಿ ಯಾರೂ ಇದನ್ನು ನೆಟ್ಟು ಬೆಳೆಸಿದ್ದನ್ನು ನಾನು ಕಾಣೆ. ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ. ಪೂಜೆಗೂ ಬಾರದು, ಮುಡಿಯಲಿಕ್ಕೂ ಬಾರದು. ನೆಡಬೇಕೆಂಬ ಆಸೆ ನನಗೆ ಹುಟ್ಟಿದ್ದು ಮದುವೆಯಾಗಿ ಮೈಸೂರಿಗೆ ಬಂದ ಮೇಲೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ, ಮೈಸೂರಿನಲ್ಲಿ 800ರ ಆಸುಪಾಸು. ತಾನಾಗಿ ಬರುತ್ತಿದ್ದುದನ್ನು ಇಲ್ಲಿ ದುಡ್ಡು ಕೊಟ್ಟು ತರಬೇಕಾಯಿತು.

ನರ್ಸರಿಗೆ ಹೋದವರು ಕೇಳುವ ಮೊದಲ ಪ್ರಶ್ನೆಯನ್ನು ನೀವು ಗಮನಿಸಿರಬಹುದು. ಗಿಡದ ಹೆಸರನ್ನು ಯಾರೂ ಕೇಳುವುದಿಲ್ಲ, ಊರನ್ನು ಕೇಳುವುದಿಲ್ಲ. 'ಇದು ಗಟ್ಟಿ ಗಿಡವಾ?' ಎಂದು ಕೇಳುತ್ತಾರೆ. ನರ್ಸರಿಯ ಹುಡುಗನಿಗೂ ಉತ್ತರ ಬಾಯಿಪಾಠ. 'ತುಂಬಾ ಗಟ್ಟಿ ಮೇಡಮ್, ನೀರು ಹಾಕೋದು ಮರೆತ್ರೂ ಏನಾಗಲ್ಲ.' ಇಬ್ಬರಿಗೂ ಸಮಾಧಾನವಾಗುತ್ತದೆ, ವ್ಯಾಪಾರ ಮುಗಿಯುತ್ತದೆ. ಆದರೆ ಆ ಉತ್ತರವನ್ನು ಬಿಡಿಸಿ ನೋಡಿದರೆ ಅದರಲ್ಲಿ ಎರಡು ಸಂಗತಿಗಳು ಹೆಣೆದುಕೊಂಡಿವೆ. ಈ ಗಿಡ ನಿಮ್ಮ ಜಾಗಕ್ಕೆ ಹೊಂದುತ್ತದೆ ಎನ್ನುವುದು ಒಂದು. ನಿಮ್ಮ ಉದಾಸೀನವನ್ನು ತಾಳಿಕೊಳ್ಳುತ್ತದೆ ಎನ್ನುವುದು ಇನ್ನೊಂದು. ಮೊದಲನೆಯದು ಗಿಡಕ್ಕೂ ಮಣ್ಣಿಗೂ ಸಂಬಂಧಿಸಿದ್ದು. ಎರಡನೆಯದು ನಮ್ಮ ಬಗ್ಗೆ ಹೇಳುವ ಮಾತು. ಎರಡಕ್ಕೂ ಒಂದೇ ಪದವನ್ನು ಬಳಸುತ್ತಾ ಬಂದಿರುವುದರಿಂದ ಯಾವುದನ್ನು ಕೇಳುತ್ತಿದ್ದೇವೆಂಬುದು ನಮಗೇ ತಿಳಿಯುವುದಿಲ್ಲ.

ಮೊದಲು ಜಾಗದ ಮಾತು. ಇಂಗ್ಲಿಷಿನ ತೋಟಗಾರಿಕೆ ಪುಸ್ತಕಗಳಲ್ಲಿ ಗಟ್ಟಿ ಫರ್ನುಗಳ ಉದ್ದುದ್ದ ಪಟ್ಟಿಗಳಿರುತ್ತವೆ. ಅವನ್ನು ನಂಬಿ ಹೊರಟರೆ ನಾವು ಕೆಟ್ಟೆವು. ಅಲ್ಲಿ ಗಟ್ಟಿ ಎಂದರೆ ಹಿಮವನ್ನು ತಾಳಿಕೊಳ್ಳುವುದು ಎಂದು ಅರ್ಥ. ಮಂಜುಗಡ್ಡೆಯ ಅಡಿಯಲ್ಲಿ ನಾಲ್ಕು ತಿಂಗಳು ಮಲಗಿದ್ದು ವಸಂತದಲ್ಲಿ ಏಳುವ ಗಿಡಕ್ಕೆ ನಮ್ಮ ಏಪ್ರಿಲ್ಲಿನ ಮಧ್ಯಾಹ್ನ ಯಾವ ಜನ್ಮದ ಶತ್ರುವೋ! ನಮ್ಮಲ್ಲಿ ಗಿಡಕ್ಕೆ ಪರೀಕ್ಷೆಯೆಂದರೆ ಡಿಸೆಂಬರಿನಿಂದ ಮೇ ತನಕದ ಒಣ ತಿಂಗಳುಗಳು. ಅಲ್ಲಿಯ ಗಟ್ಟಿ ಇಲ್ಲಿ ನಾಜೂಕು, ಇಲ್ಲಿಯ ಗಟ್ಟಿಯನ್ನು ಅಲ್ಲಿ ಮೊದಲ ಹಿಮವೇ ಕರಕಲು ಮಾಡುತ್ತದೆ. ಅಂದಮೇಲೆ ಗಟ್ಟಿತನವೆನ್ನುವುದು ಗಿಡದೊಳಗೆ ತುಂಬಿಟ್ಟ ಗುಣವಲ್ಲ. ಅದು ಗಿಡಕ್ಕೂ ಜಾಗಕ್ಕೂ ನಡುವೆ ಇರುವ ಒಂದು ಒಪ್ಪಂದ.

ನಮ್ಮ ಮನೆಯಲ್ಲಿಯೇ ಇದಕ್ಕೆ ಸಾಕ್ಷಿಯಿತ್ತು. ಹಿತ್ತಿಲಿನಲ್ಲಿ ಗಾರೆ ಹಾಕಿ ಕಟ್ಟಿದ ಹಳೆಯ ಬಾವಿ. ಅದರ ಒಳಗೋಡೆಯ ಬಿರುಕುಗಳಲ್ಲಿ, ಯಾರೂ ನೆಡದೆ, ಉದ್ದ ಗರಿಗಳ ಒಂದು ಜರೀಗಿಡ ಹಬ್ಬಿತ್ತು. ಟೆರಿಸ್ ವಿಟ್ಟಾಟ ಎಂದು ಅದರ ಶಾಸ್ತ್ರೀಯ ಹೆಸರು. ಸುಣ್ಣದ ಗಾರೆಯೆಂದರೆ ಅದಕ್ಕೆ ಬಲು ಪ್ರೀತಿ. ಹಳೆಯ ಕೋಟೆ, ಸೇತುವೆ, ಚರಂಡಿ ಗೋಡೆ, ಎಲ್ಲಿ ಸುಣ್ಣವೂ ಸ್ವಲ್ಪ ತೇವವೂ ಇದೆಯೋ ಅಲ್ಲೆಲ್ಲ ನೋಡಬಹುದು. ಪಕ್ಕದ ಮನೆಯವರು ಅದೇ ಕಾಲಕ್ಕೆ ಬಾಸ್ಟನ್ ಫರ್ನ್ ತಂದು ಮುಂಬಾಗಿಲಲ್ಲಿ ತೂಗುಹಾಕಿದರು. 1890ರ ದಶಕದಲ್ಲಿ ಅಮೆರಿಕದ ಬಾಸ್ಟನ್ ಕಡೆ ಹೆಸರಾದ ಈ ತಳಿಯನ್ನು ಲೋಕವೆಲ್ಲ ಗಟ್ಟಿ ಗಿಡವೆಂದೇ ಕೊಂಡಾಡುತ್ತದೆ, ಅದು ಸುಳ್ಳೂ ಅಲ್ಲ. ಆದರೆ ಪಶ್ಚಿಮದ ಬಿಸಿಲು ನೇರ ಬೀಳುವ ಬಾಗಿಲಲ್ಲಿ ಅದು ಒಂದೇ ಬೇಸಿಗೆಗೆ ಕಂದು ಬಣ್ಣದ ಪೊರಕೆಯಾಯಿತು. ಅದನ್ನು ನಾಜೂಕು ಎನ್ನುವುದೂ ಬಾವಿಯ ಗಿಡವನ್ನು ಗಟ್ಟಿ ಎನ್ನುವುದೂ ಎಷ್ಟು ಸರಿ? ಒಂದನ್ನು ನಾವು ನೇತುಹಾಕಿದೆವು, ಇನ್ನೊಂದು ತನ್ನ ಜಾಗವನ್ನು ತಾನೇ ಹುಡುಕಿಕೊಂಡಿತ್ತು. ವ್ಯತ್ಯಾಸ ಅಷ್ಟೆ.

ಹೀಗಾಗಿ ಯಾರಾದರೂ ನನ್ನನ್ನು ಜರೀಗಿಡ ಯಾವುದು ನೆಡಲಿ ಎಂದು ಕೇಳಿದರೆ ಮೊದಲು ಅವರ ಮನೆಯ ಉತ್ತರ ದಿಕ್ಕಿನ ಗೋಡೆ ಎಲ್ಲಿದೆ, ಮರವಿದೆಯೇ, ಬಚ್ಚಲ ನೀರು ಎಲ್ಲಿ ಹೋಗುತ್ತದೆ ಎಂದು ವಿಚಾರಿಸುತ್ತೇನೆ. ಬಯಲುಸೀಮೆಯ ಮನೆಗೆ ನೆಫ್ರೋಲೆಪಿಸ್ ಜಾತಿಯವು ಒಳ್ಳೆಯವು. ಅದರಲ್ಲಿ ಒಂದಕ್ಕೆ ಬೇರಿನಲ್ಲಿ ಗೋಲಿಯಂಥ ಸಣ್ಣ ಗಡ್ಡೆಗಳಿದ್ದು ಅವುಗಳಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ಕಾಂಪೌಂಡಿನ ನೆರಳಿನ ಅಂಚಿಗೆ ನೆಟ್ಟರೆ ತಾನೇ ಬಳ್ಳಿ ಕಳಿಸಿ ಹಬ್ಬುತ್ತದೆ. ಕೈ ಹಿಡಿಯದಿದ್ದರೆ ಅಂಗಳವನ್ನೇ ನುಂಗುತ್ತದೆ ಎನ್ನಿ. ಹಳೆಯ ಇಟ್ಟಿಗೆ ಗೋಡೆಯಿದ್ದವರು ಬಾವಿಯ ಟೆರಿಸನ್ನು ಕರೆಯಬಹುದು. ದೊಡ್ಡ ಮಾವಿನ ಮರವಿದ್ದವರಿಗೆ ಅಪ್ಪುಗಿಡವಾಗಿ ಬೆಳೆಯುವ ಡ್ರೈನೇರಿಯ ಇದೆ. ಅದರ ಬುಡದ ಅಗಲವಾದ ಎಲೆಗಳು ಬೇಗ ಒಣಗಿ, ಆದರೆ ಉದುರದೆ, ಬುಟ್ಟಿಯ ಹಾಗೆ ನಿಂತು ಮೇಲಿನಿಂದ ಬೀಳುವ ತರಗೆಲೆಯನ್ನೆಲ್ಲ ಹಿಡಿದು ಗೊಬ್ಬರ ಮಾಡಿಕೊಳ್ಳುತ್ತವೆ. ಬಂದಳಿಕೆಯಂತೆ ಅದು ಮರದ ರಸ ಹೀರುವುದಿಲ್ಲ. ಇನ್ನು ಹಂಸಪಾದಿ. ನಮ್ಮ ವೈದ್ಯರಿಗೆ ಹಳೆಯ ಪರಿಚಯದ ಈ ಪುಟ್ಟ ಗಿಡದ ಗರಿಯ ತುದಿ ನೆಲಕ್ಕೆ ತಾಗಿದಲ್ಲಿ ಬೇರೂರಿ ಹೊಸ ಗಿಡವಾಗುತ್ತದೆ. ಬೇಸಿಗೆಯಲ್ಲಿ ಪೂರ್ತಿ ಒಣಗಿ ಕಾಣೆಯಾಗುತ್ತದೆ. ಸತ್ತಿತೆಂದು ಕುಂಡವನ್ನು ಚೆಲ್ಲುವವರೇ ಹೆಚ್ಚು. ಮಳೆಯ ತನಕ ಕಾಯಬೇಕು.

ಬೆಳೆಸುವ ಕ್ರಮದಲ್ಲಿ ಗುಟ್ಟೇನೂ ಇಲ್ಲ. ಕೊಳೆತ ತರಗೆಲೆ, ಮರಳು, ಸ್ವಲ್ಪ ಇಟ್ಟಿಗೆ ಚೂರು, ಸ್ವಲ್ಪ ಇದ್ದಿಲು. ನೀರು ನಿಲ್ಲಬಾರದು, ಹಾಗೆಂದು ಬುಡ ಪೂರ್ತಿ ಒಣಗಲೂಬಾರದು. ಗಿಡದ ತೆವಳುವ ಕಾಂಡವನ್ನು ಬೇರೆಂದು ತಿಳಿದು ಆಳಕ್ಕೆ ಹೂಳಿದರೆ ಕೊಳೆಯುತ್ತದೆ, ಅದನ್ನು ಮಣ್ಣಿನ ಮೇಲೆಯೇ ಬಿಡಬೇಕು. ಬೆಳಗಿನ ಎಳೆಬಿಸಿಲು ಸರಿ, ಮಧ್ಯಾಹ್ನದ ಬಿಸಿಲು ಸಲ್ಲದು. ಇನ್ನೊಂದು ಮಾತು ಹೇಳಲೇಬೇಕು. ಎಲೆ ಬಲಿತ ಮೇಲೆ ಅದರ ಹಿಂಬದಿಯಲ್ಲಿ ಕಂದು ಚುಕ್ಕೆಗಳು ಏಳುತ್ತವೆ. ಹುಳ ಬಿತ್ತೆಂದು ಗಾಬರಿಯಾಗಿ ಔಷಧಿ ಹೊಡೆಯುವವರಿದ್ದಾರೆ. ಚುಕ್ಕೆಗಳು ರಂಗೋಲಿಗೆ ಇಟ್ಟಂತೆ ಸಾಲಾಗಿ, ಅಳತೆಯಾಗಿ ಇದ್ದರೆ ಅದು ರೋಗವಲ್ಲ, ಗಿಡದ ಸಂತಾನ. ಅಡ್ಡಾದಿಡ್ಡಿಯಾಗಿ, ದಂಟಿನ ಮೇಲೆಲ್ಲ ಅಂಟಿಕೊಂಡಿದ್ದರೆ ಮಾತ್ರ ಹುಳ.

ಆ ಚುಕ್ಕೆಗಳಲ್ಲಿರುವ ಬೀಜಾಣುಗಳು ಧೂಳಿನಷ್ಟು ಹಗುರ. ಗಾಳಿ ಎಲ್ಲಿಗೆ ಒಯ್ದರೆ ಅಲ್ಲಿಗೆ ಹೋಗುತ್ತವೆ. 1883ರಲ್ಲಿ ಇಂಡೋನೇಷ್ಯದ ಕ್ರಕಟೋವ ದ್ವೀಪ ಜ್ವಾಲಾಮುಖಿಗೆ ಸಿಕ್ಕಿ ಸಿಡಿದು ಬೂದಿಯಾಯಿತಷ್ಟೆ. ಮೂರು ವರ್ಷದ ಮೇಲೆ ಡಚ್ ಸಸ್ಯವಿಜ್ಞಾನಿಯೊಬ್ಬ ಅಲ್ಲಿ ಇಳಿದಾಗ ಬೂದಿಯ ಮೇಲೆ ಕಂಡ ಹಸಿರಿನಲ್ಲಿ ಜರೀಗಿಡಗಳದೇ ಮೇಲುಗೈ. 11 ಜಾತಿಯವು ಬಂದು ನೆಲೆಸಿದ್ದವು. ಹೂಬಿಡುವ ಗಿಡಗಳು ಭೂಮಿಗೆ ಬರುವುದಕ್ಕೆ ಎಷ್ಟೋ ಕೋಟಿ ವರ್ಷ ಮೊದಲೇ ಇದ್ದ ವಂಶ ಇದು. ಇದಕ್ಕಿಂತ ಗಟ್ಟಿ ಜೀವ ಯಾವುದಿದೆ ಎನ್ನಿಸುತ್ತದೆ. ಆದರೆ ಒಂದು ವಿಚಿತ್ರ ನೋಡಿ. ಬೀಜಾಣು ಮೊಳೆತರೆ ನೇರವಾಗಿ ಜರೀಗಿಡವಾಗುವುದಿಲ್ಲ. ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ, ಹೃದಯದ ಆಕಾರದ ಹಸಿರು ಹಾಳೆಯೊಂದಾಗುತ್ತದೆ. ಅದರ ಅಡಿಯಲ್ಲಿ ಗಂಡು ಕಣ ಹೆಣ್ಣಿನ ಬಳಿಗೆ ಈಜಿಕೊಂಡು ಹೋಗಬೇಕು. ಈಜಲು ನೀರು ಬೇಕು. ಕೆರೆಯಲ್ಲ, ತೊರೆಯಲ್ಲ, ಒಂದು ತೆಳುವಾದ ತೇವದ ಪೊರೆ ಸಾಕು. ಅದು ಸಿಕ್ಕದಿದ್ದರೆ ಸಾಮಾನ್ಯವಾಗಿ ಆ ಸಂತಾನ ಅಲ್ಲಿಗೇ ಮುಗಿಯಿತು. ಬೂದಿಯ ಮೇಲೆ ಬದುಕುವ ಗಿಡದ ಬಾಳಿನಲ್ಲಿಯೂ ಒಂದು ಹನಿಯಿಲ್ಲದೆ ಸಾಗದ ಗಳಿಗೆಯೊಂದಿದೆ. ಆ ಗಳಿಗೆ ಎಷ್ಟು ಸಣ್ಣದೆಂದರೆ ಬಗ್ಗಿ ನೋಡದವರಿಗೆ ಕಾಣುವುದಿಲ್ಲ.

ಇದನ್ನು ಓದುವಾಗಲೆಲ್ಲ ನನಗೆ ದೊಡ್ಡಮ್ಮನ ನೆನಪಾಗುತ್ತದೆ. ದೊಡ್ಡಪ್ಪ ತೀರಿಕೊಂಡಾಗ ಅವರಿಗೆ ಇಪ್ಪತ್ತಾರು ವರ್ಷ. ಮಕ್ಕಳಿರಲಿಲ್ಲ. ಮುಂದಿನ ನಲವತ್ತೈದು ವರ್ಷ ನಮ್ಮ ತವರಿನ ಆ ದೊಡ್ಡ ಮನೆ ನಡೆದದ್ದು ಅವರ ಬೆನ್ನಿನ ಮೇಲೆ. ಕೊಟ್ಟಿಗೆ, ಬಾಣಂತನ, ಅಡಿಕೆ ಸುಲಿಯುವವರ ಊಟ, ತಿಥಿ, ಉಪನಯನ ಎಲ್ಲವೂ. ಅವರು ಮಲಗಿದ್ದನ್ನು ನಾವು ಮಕ್ಕಳು ಕಂಡಿರಲಿಲ್ಲ. ಮನೆಗೆ ಬಂದವರೆಲ್ಲ ಮೆಚ್ಚಿ ಹೇಳುತ್ತಿದ್ದ ಮಾತು ಒಂದೇ. 'ಅವರಿಗೇನು ಬಿಡಿ, ಗಟ್ಟಿ ಜೀವ.' ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಆದರೆ ಆ ಮಾತು ಮನೆಯಲ್ಲಿ ಮಾಡುತ್ತಿದ್ದ ಕೆಲಸ ಬೇರೆಯೇ. ಚಿಕ್ಕಮ್ಮನಿಗೆ ಸ್ವಲ್ಪ ತಲೆನೋವಾದರೂ ತೀರ್ಥಹಳ್ಳಿಯಿಂದ ಡಾಕ್ಟರು ಬರುತ್ತಿದ್ದರು, ಏಕೆಂದರೆ ಆಕೆ ನಾಜೂಕು. ದೊಡ್ಡಮ್ಮನಿಗೆ ಕಷಾಯ ಸಾಕಾಗುತ್ತಿತ್ತು. ಮಲಗುವ ಕೋಣೆಗಳನ್ನು ಹಂಚುವಾಗ ಹೊಗೆ ಬರುವ ಕೋಣೆ ಅವರಿಗೆ. ಊಟಕ್ಕೆ ಕೊನೆಯ ಎಲೆ ಅವರದು. ಗಟ್ಟಿ ಎಂದು ಹೆಸರಾದ ಮೇಲೆ ಅವರ ಪಾಲಿನ ನೀರು ಸಲೀಸಾಗಿ ಬೇರೆ ಕುಂಡಗಳಿಗೆ ಹೋಗುತ್ತಿತ್ತು.

ಎಪ್ಪತ್ತರ ಹತ್ತಿರ ಅವರು ಬಚ್ಚಲಲ್ಲಿ ಜಾರಿ ಬಿದ್ದರು. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದ ಡಾಕ್ಟರು ಹೊಸ ಪೆಟ್ಟಿಗಿಂತ ಹಳೆಯದನ್ನು ಕಂಡು ಬೆರಗಾದರು. ಬೆನ್ನುಮೂಳೆಯ ಎರಡು ಮಣಿಗಳು ಎಂದೋ ಕುಸಿದು ಹಾಗೆಯೇ ಕೂಡಿಕೊಂಡಿದ್ದವು. 'ಈ ನೋವು ಎಷ್ಟು ವರ್ಷದಿಂದ ಇದೆಯಮ್ಮಾ?' ಎಂದು ಕೇಳಿದರೆ ದೊಡ್ಡಮ್ಮ ಲೆಕ್ಕ ಹಾಕಿ, ಚಿಕ್ಕಪ್ಪನ ಎರಡನೆಯ ಮಗನ ಉಪನಯನದ ವರ್ಷದಿಂದ ಎಂದರು. ಅಂದರೆ ಹನ್ನೊಂದು ವರ್ಷ. ಆ ಸಲ ಅವರ ಜೊತೆ ಆಸ್ಪತ್ರೆಯಲ್ಲಿ ಉಳಿದವಳು ನಾನು. ರಾತ್ರಿ ಕೇಳಿದೆ, 'ಒಂದು ಮಾತು ಹೇಳಬಾರದಿತ್ತಾ ದೊಡ್ಡಮ್ಮ?' ಅವರು ನಕ್ಕು, 'ಹೇಳಿದ್ರೆ ಆಮೇಲೆ ನನ್ನ ಯಾರು ಗಟ್ಟಿ ಅಂತಿದ್ರು ಕೂಸೇ? ನಂಗೆ ಅಂತ ಆ ಮನೇಲಿ ಇದ್ದದ್ದು ಅದೊಂದೇ ಹೆಸರು' ಎಂದರು.

ಹೊಗಳಿಕೆಯೂ ಒಂದು ಬೇಲಿಯಾಗಬಲ್ಲದೆಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಗಟ್ಟಿಯೆನ್ನಿಸಿಕೊಂಡವರು ಬೇಡುವ ಹಕ್ಕನ್ನು ಕಳೆದುಕೊಳ್ಳುತ್ತಾರೆ. ಬೇಡಿದರೆ ಹೆಸರು ಹೋಗುತ್ತದೆ, ಬೇಡದಿದ್ದರೆ ಬೆನ್ನು ಹೋಗುತ್ತದೆ. ದೊಡ್ಡಮ್ಮ ಹೆಸರನ್ನು ಉಳಿಸಿಕೊಂಡರು.

ಆಕೆ ಹೋಗಿ ಕೆಲವು ವರ್ಷಗಳ ಮೇಲೆ, 2001ರಲ್ಲಿ, ನಮ್ಮ ಬಾವಿಯ ಜರೀಗಿಡದ ಬಗ್ಗೆಯೇ ಒಂದು ಸಂಗತಿ ಹೊರಬಿತ್ತು. ಅಮೆರಿಕದ ಫ್ಲಾರಿಡಾದಲ್ಲಿ ಮರದ ದಿಮ್ಮಿಗಳಿಗೆ ಗೆದ್ದಲು ಹಿಡಿಯದಂತೆ ರಾಸಾಯನಿಕ ಹಾಕುತ್ತಿದ್ದ ಜಾಗದಲ್ಲಿ ನೆಲಕ್ಕೆಲ್ಲ ಆರ್ಸೆನಿಕ್ ವಿಷ ಇಳಿದಿತ್ತು. ಆ ನೆಲದಲ್ಲಿ ಟೆರಿಸ್ ವಿಟ್ಟಾಟ ಹಸಿರಾಗಿ ನಳನಳಿಸುತ್ತಿತ್ತು. ಪರೀಕ್ಷಿಸಿ ನೋಡಿದ ವಿಜ್ಞಾನಿಗಳಿಗೆ ತಿಳಿದದ್ದೆಂದರೆ, ಅದು ಮಣ್ಣಿನ ವಿಷವನ್ನು ಹೀರಿ ತನ್ನ ಗರಿಗಳಲ್ಲಿ ಕೂಡಿಟ್ಟುಕೊಳ್ಳುತ್ತದೆ. ಒಣಗಿದ ಎಲೆಯ ತೂಕದಲ್ಲಿ ನೂರಕ್ಕೆ ಎರಡು ಪಾಲಿನವರೆಗೂ ವಿಷವಿರಬಹುದು. ಈಗ ಕೆಟ್ಟ ನೆಲವನ್ನು ಶುದ್ಧಮಾಡಲು ಇದೇ ಗಿಡವನ್ನು ಬೆಳೆಸುವ ಪ್ರಯತ್ನಗಳು ನಡೆದಿವೆ. ಆಗ ಅದರ ಎಲೆಗಳನ್ನು ಕೊಯ್ದು ಎಲ್ಲೆಂದರಲ್ಲಿ ಎಸೆಯುವಂತಿಲ್ಲ, ದನಕ್ಕೆ ಹಾಕುವಂತಿಲ್ಲ. ಹೊರಗಿನಿಂದ ನೋಡಿದರೆ ಗಿಡ ಹಸಿರೇ. ಹಸಿರಾಗಿದೆಯಲ್ಲ, ಅಂದಮೇಲೆ ಚೆನ್ನಾಗಿದೆ ಎಂದು ತೀರ್ಮಾನಿಸುವುದು ಎಷ್ಟು ದುಡುಕಿನ ಮಾತು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಹೋಲಿಕೆಯನ್ನು ಬಹಳ ದೂರ ಎಳೆಯಬಾರದು, ಗೊತ್ತು. ಗಿಡಕ್ಕೆ ನಮ್ಮ ಹಾಗೆ ನೋವಿಲ್ಲ, ಮಾನಾವಮಾನವಿಲ್ಲ. ಎಲೆಯಲ್ಲಿ ಕೂಡಿಟ್ಟ ಆರ್ಸೆನಿಕ್ಕಿನಿಂದ ಅದಕ್ಕೆ ಹುಳುಹುಪ್ಪಟೆಗಳಿಂದ ರಕ್ಷಣೆಯೂ ಸಿಗುತ್ತದೆ. ದೊಡ್ಡಮ್ಮನಿಗೆ ಅವರ ನೋವಿನಿಂದ ಯಾವ ರಕ್ಷಣೆಯೂ ಸಿಗಲಿಲ್ಲ. ಕುಂಡದ ಫರ್ನಿಗೆ ನೀರು ಹಾಕದಿದ್ದರೆ ಅದಕ್ಕೆ ಅನ್ಯಾಯವಾಯಿತು ಎನ್ನುವುದು ಸ್ವಲ್ಪ ಅತಿಯಾದೀತು. ಆದರೆ ನನ್ನ ಪ್ರಶ್ನೆ ಗಿಡಕ್ಕೆ ಏನಾಗುತ್ತದೆ ಎಂಬುದಲ್ಲ, ನಮ್ಮ ಕಣ್ಣಿಗೆ ಏನಾಗುತ್ತದೆ ಎಂಬುದು. ತಾಳಿಕೊಳ್ಳುವ ಶಕ್ತಿಯನ್ನು ಕಂಡಕೂಡಲೇ ಅದನ್ನು ಅನುಮತಿಯೆಂದು ಓದುವ ಅಭ್ಯಾಸ ಒಮ್ಮೆ ಬಂತೆಂದರೆ ಅದು ಹಿತ್ತಿಲಿನಲ್ಲಿಯೇ ನಿಲ್ಲುವುದಿಲ್ಲ. ಕೆಲಸಕ್ಕೆ ಬರುವ ಹೆಂಗಸು, ಮಾತಾಡದ ಸಹೋದ್ಯೋಗಿ, ದೂರದ ಊರಿನಲ್ಲಿ ಒಬ್ಬರೇ ಇರುವ ಅಪ್ಪ, ಎಲ್ಲರ ಮೇಲೂ ಅದೇ ಚೀಟಿ ಅಂಟಿಸುತ್ತೇವೆ.

ಹಾಗಾದರೆ ಇದಕ್ಕೆ ಮದ್ದು ಎಲ್ಲವನ್ನೂ ನಾಜೂಕೆಂದು ತಿಳಿದು ಅಪ್ಪಿ ಮುದ್ದಿಸುವುದೇ? ಜರೀಗಿಡಗಳ ಚರಿತ್ರೆ ಅದಕ್ಕೂ ಉತ್ತರ ಕೊಡುತ್ತದೆ. ನಥೇನಿಯಲ್ ವಾರ್ಡ್ ಎಂಬ ಲಂಡನ್ನಿನ ವೈದ್ಯನಿಗೆ ಜರೀಗಿಡಗಳೆಂದರೆ ಆಸೆ, ಆದರೆ ಊರಿನ ಕಲ್ಲಿದ್ದಲ ಹೊಗೆಗೆ ಒಂದೂ ಬದುಕುತ್ತಿರಲಿಲ್ಲ. 1829ರ ಸುಮಾರಿನಲ್ಲಿ ಪತಂಗದ ಗೂಡೊಂದನ್ನು ಒದ್ದೆ ಮಣ್ಣಿನ ಜೊತೆ ಸೀಸೆಯಲ್ಲಿಟ್ಟು ಮುಚ್ಚಿದ್ದ. ಕೆಲವು ದಿನಕ್ಕೆ ಆ ಮಣ್ಣಿನಿಂದ ಒಂದು ಪುಟ್ಟ ಜರೀಗಿಡ ಎದ್ದಿತು. ಒಳಗಿನ ತೇವ ಗಾಜಿಗೆ ತಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು, ಹೊಗೆ ಒಳಗೆ ಬರುತ್ತಿರಲಿಲ್ಲ. ಗಿಡ ಗಟ್ಟಿಯಾಗಲೆಂದು ಆತ ಹಟ ಹಿಡಿಯಲಿಲ್ಲ, ಅದರ ಸುತ್ತಲಿನ ಗಾಳಿಯನ್ನು ಬದಲಿಸಿದ. ನನಗೆ ಇದು ಬಹಳ ಮನುಷ್ಯತ್ವದ ವಿಚಾರವಾಗಿ ಕಾಣುತ್ತದೆ. ಮುಂದೆ ಇದೇ ಬಗೆಯ ಗಾಜಿನ ಪೆಟ್ಟಿಗೆಗಳಲ್ಲಿ ಚೀನದ ಚಹಾ ಸಸಿಗಳು ಹಡಗಿನಲ್ಲಿ ಹಿಮಾಲಯಕ್ಕೆ ಬಂದವು.

ಆದರೆ ಗಾಜಿನ ಪೆಟ್ಟಿಗೆ ಮನೆಮನೆಗೂ ಬಂದದ್ದೇ ಇಂಗ್ಲೆಂಡಿನಲ್ಲಿ ಫರ್ನ್ ಹುಚ್ಚು ಹತ್ತಿತು. ಚಾರ್ಲ್ಸ್ ಕಿಂಗ್ಸ್ಲಿ 1855ರಲ್ಲಿ ಆ ಹುಚ್ಚಿಗೆ 'ಟೆರಿಡೋಮೇನಿಯ' ಎಂದು ಹೆಸರಿಟ್ಟ. ಜನ ಕುಕ್ಕೆ ಹಿಡಿದು ಕಣಿವೆಗಳಿಗೆ ನುಗ್ಗಿ ಕಿತ್ತು ತಂದರು, ಮಾರಾಟಗಾರರು ಗಾಡಿಗಟ್ಟಲೆ ಸಾಗಿಸಿದರು. ಐರ್ಲೆಂಡಿನ ಕಿಲಾರ್ನಿಯ ಹೆಸರು ಹೊತ್ತ ಪಾರದರ್ಶಕ ಎಲೆಯ ಒಂದು ಜಾತಿ ಈ ಪ್ರೀತಿಗೆ ಸಿಕ್ಕಿ ಎಷ್ಟೋ ಕಡೆ ನಿರ್ನಾಮವಾಯಿತು. ನಮ್ಮ ಪಶ್ಚಿಮಘಟ್ಟದ ತೊರೆಗಳ ಬದಿಯಲ್ಲಿ ಛತ್ರಿ ಹಿಡಿದಂತೆ ನಿಂತ ಮರಜರಿಗಳಿವೆ. ಅವುಗಳ ಕಾಂಡದ ಸುತ್ತಲಿನ ನಾರುಬೇರು ಆರ್ಕಿಡ್ ಬೆಳೆಸಲು ಒಳ್ಳೆಯದೆಂದು ಈ ಜಾತಿಯ ಮರಗಳನ್ನು ಲೋಕದ ಎಷ್ಟೋ ಕಡೆ ಕಡಿಯುತ್ತಾ ಬಂದಿದ್ದಾರೆ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಈ ಸಯಾತಿಯ ಕುಲ ಸೇರಿರುವುದು ಇದರಿಂದಲೇ. ಒಂದು ಸುಂದರ ಗಿಡವನ್ನು ಸಾಕಲು ಇನ್ನೊಂದು ಸುಂದರ ಗಿಡವನ್ನು ಕಡಿಯುವ ಪ್ರೀತಿ ಯಾವ ಲೆಕ್ಕದ್ದು? ಗಟ್ಟಿಯೆಂದು ಕೈಬಿಡುವುದೂ ನಾಜೂಕೆಂದು ಕಿತ್ತು ತರುವುದೂ ಮೇಲೆ ನೋಡಲು ಬೇರೆ ಬೇರೆ. ಆದರೆ ಎರಡರಲ್ಲಿಯೂ ಕೇಳದೆ ಬಿಟ್ಟ ಪ್ರಶ್ನೆ ಒಂದೇ: ಇದಕ್ಕೆ ಏನು ಬೇಕು?

ಗಟ್ಟಿ ಗಿಡವನ್ನೇ ಆರಿಸಬೇಕೆನ್ನುವವರ ಪರವಾಗಿಯೂ ಒಂದು ಮಾತು ಆಡಬೇಕು, ಇಲ್ಲದಿದ್ದರೆ ತಪ್ಪಾದೀತು. 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಕೊಳವೆಬಾವಿಗಳು ಬತ್ತಿ ಕುಡಿಯುವ ನೀರಿಗೇ ಹಾಹಾಕಾರವಾದಾಗ ಜಲಮಂಡಳಿಯವರು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5000 ರೂಪಾಯಿ ದಂಡವೆಂದು ಸಾರಿದರು. ಬೀದಿಯ ಕೊನೆಯ ಮನೆಯವರು ಕೊಡ ಹಿಡಿದು ಟ್ಯಾಂಕರಿಗೆ ಕಾಯುತ್ತಿರುವಾಗ ದಿನಕ್ಕೆರಡು ಸಲ ನೀರು ಬೇಡುವ ಗಿಡವನ್ನು ಸಾಕುವುದು ಶೋಭೆಯಲ್ಲ. ಅಂಥ ಊರಿನಲ್ಲಿ ಕಡಿಮೆ ನೀರಿನ ಗಿಡವನ್ನು ಹುಡುಕುವುದೇ ಧರ್ಮ. ಹಾಗಾಗಿ ಆಯ್ಕೆ ಒಂದೇ ಆದರೂ ಅದರ ಹಿಂದಿನ ಮನಸ್ಸು ಎರಡಾಗಬಹುದು. ಲೋಕದಿಂದ ಕಡಿಮೆ ತೆಗೆದುಕೊಳ್ಳಬೇಕೆಂದು ಗಟ್ಟಿ ಗಿಡವನ್ನು ಆರಿಸುವವನೊಬ್ಬ. ತಾನು ಕಡಿಮೆ ಕೊಡಬೇಕೆಂದು ಆರಿಸುವವನೊಬ್ಬ. ಕುಂಡ ನೋಡಿ ಇವರಿಬ್ಬರ ವ್ಯತ್ಯಾಸ ಹೇಳಲಾಗದು. ಬೇಸಿಗೆ ಬಂದಾಗ ತಿಳಿಯುತ್ತದೆ. ಮೊದಲನೆಯವನು ಅಕ್ಕಿ ತೊಳೆದ ನೀರನ್ನು ಒಯ್ದು ಹಾಕುತ್ತಾನೆ, ಎಲೆ ಮುಟ್ಟಿ ನೋಡುತ್ತಾನೆ, ಕುಂಡವನ್ನು ಎರಡಡಿ ನೆರಳಿಗೆ ಸರಿಸುತ್ತಾನೆ. ಎರಡನೆಯವನು ಗಿಡ ಸತ್ತ ಮೇಲೆ, ಗಟ್ಟಿ ಅಂತ ಹೇಳಿ ಮೋಸ ಮಾಡಿದ ಎಂದು ನರ್ಸರಿಯವನನ್ನು ಬಯ್ಯುತ್ತಾನೆ.

ಬಯಲುಸೀಮೆಯ ಬಂಡೆಗಳ ಸಂದಿಯಲ್ಲಿ ಮಯೂರಶಿಖೆ ಎಂಬ ಅಂಗೈಯಷ್ಟು ಎತ್ತರದ ಜರೀಗಿಡವಿದೆ. ನೋಡಲು ಬೊಂಬೆಯಾಟದ ಬೀಸಣಿಗೆ. ನೀರು ಬತ್ತಿದರೆ ಅದು ಸುರುಟಿ, ಮುಟ್ಟಿದರೆ ಪುಡಿಯಾಗುವಂತೆ ಒಣಗುತ್ತದೆ. ತಿಂಗಳುಗಟ್ಟಲೆ ಹಾಗಿದ್ದು ಒಂದು ಮಳೆ ಬಿದ್ದರೆ ಮತ್ತೆ ಹಸಿರಾಗುತ್ತದೆ. ಸಹನೆಗೆ ಉದಾಹರಣೆ ಕೊಡುವವರು ಇದನ್ನು ಬಿಟ್ಟಾರೆಯೇ? ಆದರೆ ಈ ಬಗೆಯ ಗಿಡಗಳು ಸಾಮಾನ್ಯವಾಗಿ ಚಿಕ್ಕವೇ, ನಿಧಾನವಾಗಿ ಬೆಳೆಯುವಂಥವೇ. ಒಣಗಿಯೂ ಸಾಯದಂತೆ ಜೀವಕೋಶಗಳನ್ನು ಕಾಪಾಡಿಕೊಳ್ಳಲು ಅವು ತಮ್ಮ ಶಕ್ತಿಯನ್ನು ಸಕ್ಕರೆಯಾಗಿಯೂ ಬೇರೆ ಬೇರೆ ರಕ್ಷಕ ವಸ್ತುಗಳಾಗಿಯೂ ವ್ಯಯಮಾಡುತ್ತವೆ. ಎಲೆಗೆ ಹೋಗಬೇಕಾದದ್ದು ಕಾವಲಿಗೆ ಹೋಗುತ್ತದೆ. ತಾಳಿಕೊಳ್ಳುವುದು ಬಿಟ್ಟಿ ಕೆಲಸವಲ್ಲ. ಆ ಲೆಕ್ಕವನ್ನು ಯಾರೋ ಕಟ್ಟುತ್ತಲೇ ಇರುತ್ತಾರೆ, ನಮಗೆ ರಸೀತಿ ಬರುವುದಿಲ್ಲ ಅಷ್ಟೆ. ದೊಡ್ಡಮ್ಮ ಹತ್ತು ವರ್ಷದ ಹುಡುಗಿಯಾಗಿದ್ದಾಗ ಚೆನ್ನಾಗಿ ಹಾಡುತ್ತಿದ್ದರಂತೆ. ನಾವು ಯಾರೂ ಕೇಳಿರಲಿಲ್ಲ.

ಗಟ್ಟಿಯಾಗಿರುವುದು ದೊಡ್ಡ ಗುಣ ಎಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಇನ್ನೊಬ್ಬರನ್ನು ಗಟ್ಟಿ ಎಂದು ಕರೆಯುವಾಗ ಮಾತ್ರ ಎಚ್ಚರವಿರಲಿ ಎನ್ನುತ್ತೇನೆ. ಆ ಗುಣವನ್ನು ತನ್ನ ಬಗ್ಗೆ ಹೇಳಿಕೊಂಡರೆ ಅದು ಧೈರ್ಯ. ಇನ್ನೊಬ್ಬರ ಬಗ್ಗೆ ಹೇಳಿ ಪಕ್ಕಕ್ಕೆ ಸರಿದರೆ ಅದು ಕೈತೊಳೆದುಕೊಳ್ಳುವ ಒಂದು ವಿಧಾನ. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಕೇಳುವವರು ಯಾರೆಂದು ನೋಡಿ, ವಾರಕ್ಕೊಮ್ಮೆ ಅವರ ಬಳಿ ಕೂತು ವಿಚಾರಿಸಬೇಕು. 'ಚೆನ್ನಾಗಿದ್ದೀರಾ' ಎಂದಲ್ಲ, ಅದಕ್ಕೆ ಅವರ ಉತ್ತರ ನಮಗೆ ಗೊತ್ತೇ ಇದೆ. ಬೆನ್ನು ಹೇಗಿದೆ, ನಿದ್ದೆ ಬರುತ್ತದೆಯೇ, ಈ ಕೋಣೆಗೆ ಹೊಗೆ ಬರುತ್ತದೆಯೇ, ಹೀಗೆ ಜಾಗ ಹಿಡಿದು ಕೇಳಬೇಕು. ಎಲೆಯ ಮುಂಭಾಗವನ್ನು ನೋಡಿ ಜರೀಗಿಡದ ಯೋಗಕ್ಷೇಮ ತಿಳಿಯುವುದಿಲ್ಲ, ಮಗುಚಿ ಹಿಂಬದಿಯನ್ನು ನೋಡಬೇಕು. ಮಾರ್ಚಿಯಲ್ಲಿ ಬಾವಿಯ ನೀರು ಕೆಳಗಿಳಿದ ಮೇಲೆ ನಾನು ದಿನವೂ ಸಂಜೆ ಒಂದು ಚೊಂಬು ನೀರನ್ನು ಆ ಒಳಗೋಡೆಯ ಟೆರಿಸಿಗೆ ಎರಚುತ್ತೇನೆ. ನಾನು ಹಾಕದಿದ್ದರೂ ಅದು ಬದುಕುತ್ತದೆ ಎಂದು ಮನೆಯವರು ಹೇಳುತ್ತಾರೆ. ಬದುಕುತ್ತದೆ, ನನಗೂ ಗೊತ್ತು.